ಅಂಗಳದಲ್ಲಿ ಹಾಕಿದ ಬೆಂಕಿ

ಎಂಬತ್ತರ ದಶಕದ ಮಾತು. ಅಮ್ಮ ತೀರಿಕೊಂಡು ಮೂರು ತಿಂಗಳಾಗಿತ್ತು. ಗೋವಿಂದರಾಜನಗರದ ಬಾಡಿಗೆ ಮನೆಯಲ್ಲಿ ಅಪ್ಪ, ನಾನು ಇಬ್ಬರೇ. ಸಂಕ್ರಾಂತಿ ಹತ್ತಿರ ಬಂದಾಗ ಅಪ್ಪ, "ಈ ವರ್ಷ ನಮಗೆ ಹಬ್ಬ ಇಲ್ಲ ಕಣಮ್ಮ," ಎಂದಷ್ಟೇ ಹೇಳಿದರು. ಸಾವಾದ ಮನೆ, ವರ್ಷ ತುಂಬುವವರೆಗೆ ಎಳ್ಳು ಬೀರುವಂತಿಲ್ಲ. ಅಕ್ಕಪಕ್ಕದವರೆಲ್ಲ ಕೊಬ್ಬರಿ, ಬೆಲ್ಲ ಹೆಚ್ಚುತ್ತಿದ್ದರು. ನಾನು ಕಾಲೇಜಿನಿಂದ ಬಂದು ಕಿಟಕಿಯ ಬಳಿ ಸುಮ್ಮನೆ ಕೂತಿರುತ್ತಿದ್ದೆ.

ಹಬ್ಬದ ಹಿಂದಿನ ಸಂಜೆ ಅಂಗಳದಲ್ಲಿ ಹೊಗೆ ಎದ್ದಿತು. ಮಹಡಿ ಮನೆಯ ಪಂಜಾಬಿ ಹೆಂಗಸು ಹಳೆಯ ಪೆಟ್ಟಿಗೆಯ ಹಲಗೆಗಳನ್ನು ಒಟ್ಟಿ ಬೆಂಕಿ ಹಾಕಿದ್ದಳು. ಅವಳ ಗಂಡ ಕಾರ್ಖಾನೆ ಕೆಲಸದ ಮೇಲೆ ಪರವೂರಿಗೆ ಹೋಗಿದ್ದ. ಅವಳಿಗೆ ಕನ್ನಡ ಬರುತ್ತಿರಲಿಲ್ಲ.

ಓನರ್ ಆಂಟಿ ಓಡಿ ಬಂದರು. "ಅಯ್ಯೋ, ಏನಮ್ಮಾ ಇದು! ಮನೆ ಮುಂದೆ ಬೆಂಕಿ ಹಾಕೋದು ಯಾರಾದ್ರೂ ಹೋದಾಗ! ನಿಂಗೆ ಹಿಂದಿ ಬರುತ್ತಲ್ಲ, ನೀನಾದ್ರೂ ಹೇಳೇ..."

ಹೊರಗೆ ಬಂದ ನನ್ನ ಮುಖ ನೋಡಿ ಅಲ್ಲಿಗೇ ಮಾತು ನಿಲ್ಲಿಸಿದರು. ಅಮ್ಮ ಹೋದ ದಿನ ಬೆಂಕಿ ಹಾಕಿದ್ದೂ ಅದೇ ಜಾಗದಲ್ಲಿ.

ನನ್ನ ಹರಕುಮುರುಕು ಹಿಂದಿಯಲ್ಲಿ ಅವಳನ್ನು ವಿಚಾರಿಸಿದೆ. ಅವತ್ತು ಲೋಹ್ರಿಯಂತೆ. ಚಳಿಗಾಲದ ಉದ್ದನೆಯ ರಾತ್ರಿಗಳು ಮುಗಿದವು, ಇನ್ನು ಹಗಲು ಬೆಳೆಯುತ್ತದೆ ಅಂತ ಅವರ ಊರಿನಲ್ಲಿ ಬೀದಿಗೆ ಬೀದಿಯೇ ಬೆಂಕಿಯ ಸುತ್ತ ಹಾಡುತ್ತದಂತೆ.

"ಅವರ ಕಡೆ ಇದು ಹಬ್ಬ ಅಂತೆ ಆಂಟಿ."

"ಏನೋಪ್ಪ, ಬೇಗ ಆರಿಸೋಕೆ ಹೇಳು," ಎಂದು ಆಂಟಿ ಒಳಗೆ ಹೋದರು.

ಏನಂದರು ಎಂದು ಅವಳು ಕೇಳಿದಳು. ಮನೆಯೊಳಗೆ ಹೊಗೆ ತುಂಬುತ್ತಿದೆಯಂತೆ ಎಂದು ಸುಳ್ಳು ಹೇಳಿದೆ.

ಅವಳು ಎಳ್ಳು, ಬೆಲ್ಲ, ಕಡಲೆಕಾಯಿಯನ್ನು ಬೆಂಕಿಗೆ ಹಾಕಿ ಸುತ್ತುತ್ತಾ ಹಾಡತೊಡಗಿದಳು. ಒಬ್ಬಳೇ ಹಾಡಲು ನಾಚಿಕೆಯಾಯಿತೋ ಏನೋ, ಎರಡು ಸಾಲಿಗೇ ನಿಲ್ಲಿಸಿ ನನ್ನ ಮುಖ ನೋಡಿದಳು. ಆ ಬೆಂಕಿಯ ಹತ್ತಿರ ಹೋಗಲು ನನಗೆ ಕಾಲೇ ಬರಲಿಲ್ಲ. ಆಮೇಲೆ ಹೇಗೋ ಹೋದೆ. ಇಬ್ಬರೂ ಮೂರು ಸುತ್ತು ಬಂದೆವು. ನನ್ನ ಕಣ್ಣೀರಿಗೆ ಹೊಗೆಯೇ ಕಾರಣ ಅಂದುಕೊಂಡು ಅವಳು ತನ್ನ ದುಪಟ್ಟಾದಿಂದ ಒರೆಸಿದಳು. ಹೊರಡುವಾಗ ಒಂದು ಹಿಡಿ ಎಳ್ಳು ಬೆಲ್ಲ ಕೊಟ್ಟಳು. ಬೇಡ ಅನ್ನಬೇಕಿತ್ತು, ತೆಗೆದುಕೊಂಡೆ.

"ಮೇಲಿನ ಮನೆಯವರು ಕೊಟ್ರು ಅಪ್ಪ. ತಿನ್ನಬಹುದಾ?"

ಅಪ್ಪ ನನ್ನ ಅಂಗೈಯನ್ನೇ ನೋಡುತ್ತಾ ಕೂತರು. "ತಿನ್ನಮ್ಮ," ಎಂದರು. ಸ್ವಲ್ಪ ಹೊತ್ತಿಗೆ ತಾವೂ ಕೈ ಚಾಚಿದರು. ತಿಂದು, ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು.

ಮರುದಿನ ರೇಷ್ಮೆ ಲಂಗದ ಹುಡುಗಿಯರು ತಟ್ಟೆ ಹಿಡಿದು ನಮ್ಮ ಬಾಗಿಲು ದಾಟಿ ಪಕ್ಕದ ಮನೆಗೆ ಹೋದರು. ಅಪ್ಪ ಬೆಳಗಿನ ಶಿಫ್ಟಿಗೆ ಹೋಗಿದ್ದರು. ಬಾಗಿಲು ಹಾಕಿಕೊಂಡು ಅನ್ನಕ್ಕೆ ಇಟ್ಟೆ.