ಬಸ್ಸಿನ ಬೋರ್ಡು ಓದಿಸುತ್ತಿದ್ದ ರುದ್ರಪ್ಪನವರು

ಕಳೆದ ಆಷಾಢದ ಒಂದು ಬೆಳಿಗ್ಗೆ, ಬೀರೂರು ದಾಟಿ ಅಜ್ಜಂಪುರಕ್ಕೆ ಹೋಗುವ ರಸ್ತೆಯಲ್ಲಿ, ಕಡೂರಿನ ಕನ್ನಡಕದ ಅಂಗಡಿ ರುದ್ರಪ್ಪನವರ ಮೊಪೆಡ್, ನಿಂತಿದ್ದ ಟ್ರ್ಯಾಕ್ಟರಿನ ಟ್ರೈಲರಿಗೆ ಗುದ್ದಿತು. ಟ್ರೈಲರ್ ರಸ್ತೆಯ ಎಡ ಅಂಚಿನಲ್ಲಿತ್ತು. ಮಳೆ ಇರಲಿಲ್ಲ. ಬಿಸಿಲು ಚೆನ್ನಾಗಿತ್ತು. ಬ್ರೇಕ್ ಹಿಡಿದ ಗುರುತು ರಸ್ತೆಯ ಮೇಲೆ ಕಾಣಲಿಲ್ಲ.

ಪತ್ರಿಕೆಗೆ ನಾನು ಕಳಿಸಿದ್ದು ಇಷ್ಟು. ಬಲಗಾಲಿನ ಮೂಳೆ ಮುರಿದಿದೆ ಎಂದು ಕೊನೆಗೆ ಸೇರಿಸಿದ್ದೆ.

ಬಸ್ ನಿಲ್ದಾಣದ ಎದುರಿನ ಆ ಅಂಗಡಿಯನ್ನು ರುದ್ರಪ್ಪನವರೇ ಕಟ್ಟಿ ನಿಲ್ಲಿಸಿದ್ದು. ಮೊದಲು ಕಡೂರು, ತರೀಕೆರೆ, ಅಜ್ಜಂಪುರದ ಸಂತೆಗಳಲ್ಲಿ ಮರದ ಪೆಟ್ಟಿಗೆ ತೆರೆದಿಟ್ಟು ಓದುವ ಕನ್ನಡಕ ಮಾರುತ್ತಿದ್ದರು. ಅಂಗಡಿಯಾದ ಮೇಲೂ ಅಜ್ಜಂಪುರದ ಸಂತೆ ಬಿಡಲಿಲ್ಲ. ಅಂಗಡಿಯ ಗೋಡೆಯಲ್ಲಿ ಅಕ್ಷರಗಳ ಚಾರ್ಟ್ ಇತ್ತು. ಅವರಿಗೆ ಅದರ ಮೇಲೆ ನಂಬಿಕೆ ಇರಲಿಲ್ಲ. ಹೊಸ ಕನ್ನಡಕ ಹಾಕಿಕೊಂಡವರನ್ನು ಮೆಟ್ಟಿಲಿಗೆ ಕರೆತಂದು, ತಿರುವಿನಲ್ಲಿ ಬರುವ ಬಸ್ಸಿನ ಬೋರ್ಡು ಓದಿಸುತ್ತಿದ್ದರು.

"ಓದವ್ವಾ, ಯಾವೂರು?"

"ಯಗಟಿ."

"ಓದಿ ಹೇಳಿದ್ಯೋ, ಡ್ರೈವರ್ ಮುಖ ನೋಡಿ ಹೇಳಿದ್ಯೋ?"

"ಅವ್ನ ಮೂಗಿನ ಮೇಲಿನ ಮಚ್ಚೇನೂ ಕಾಣ್ತದೆ ಕಣಣ್ಣಾ!"

"ಹಂಗಾದ್ರೆ ಪಾಸು. ಹೋಗ್ ಬಾ."

ವಯಸ್ಸಾದವರಿಗೆ ಇನ್ನೊಂದು ಪರೀಕ್ಷೆ ಇತ್ತು. ಎದುರು ಕೂರಿಸಿ, ನನ್ನ ಮೂಗನ್ನೇ ನೋಡು ಎಂದು ಹೇಳಿ, ಅವರ ಕಿವಿಯ ಪಕ್ಕದಲ್ಲಿ ಬೆರಳು ಆಡಿಸುತ್ತಿದ್ದರು. ಬೆರಳು ಕಾಣದವರಿಗೆ ಕನ್ನಡಕ ಮಾರದೆ ಶಿವಮೊಗ್ಗದ ಆಸ್ಪತ್ರೆಗೆ ಅಟ್ಟುತ್ತಿದ್ದರು.

"ಕಣ್ಣೊಳಗೆ ಒತ್ತಡ ಜಾಸ್ತಿಯಾದ್ರೆ ಪಕ್ಕದ ನೋಟ ಮೊದ್ಲು ಹೋಯ್ತದೆ. ನೋವಿಲ್ಲ, ಉರಿಯಿಲ್ಲ. ಹೋಗಿದ್ದು ವಾಪಸ್ ಬರಲ್ಲ ಕಣಪ್ಪಾ" ಎನ್ನುತ್ತಿದ್ದರು.

ಅಪಘಾತಕ್ಕೆ ಒಂದು ವರ್ಷ ಮೊದಲು ನನ್ನ ಕನ್ನಡಕದ ಕಡ್ಡಿ ಬಿಗಿಸಲು ಹೋಗಿದ್ದೆ. ಅವರ ಎಡಗೈ ತಗುಲಿ ಚಹಾದ ಲೋಟ ಉರುಳಿತು. ಅಲ್ಲಿ ಲೋಟ ಇದ್ದದ್ದೇ ಅವರಿಗೆ ಗೊತ್ತಿರಲಿಲ್ಲ. ಹೆಂಡತಿ ಶಾರದಮ್ಮ ಒರೆಸಿ, ಮತ್ತೊಂದು ಲೋಟ ತಂದು ಬಲಗಡೆ ಇಟ್ಟರು. ಇಕ್ಕಳ, ಸ್ಕ್ರೂ ಡಬ್ಬಿ, ನೀರಿನ ಚೊಂಬು ಎಲ್ಲವೂ ಆಗಲೇ ಬಲಗಡೆಗೆ ಬಂದಿದ್ದವು.

"ರುದ್ರಣ್ಣ, ನಿಮಗೆ ಯಾರಾದ್ರೂ ಬೆರಳು ಆಡಿಸಿ ನೋಡಿದ್ದಾರಾ?" ಎಂದೆ.

ಅವರು ಹೊರಗೆ ಕೈ ತೋರಿಸಿದರು. ಅವರ ಒಬ್ಬನೇ ಮಗ ಮಂಜುನಾಥ ಓಡಿಸುವ ಖಾಸಗಿ ಬಸ್ಸು ಎದುರಿಗೆ ಬರುತ್ತಿತ್ತು. "ಅದ್ರ ಬೋರ್ಡು ನೋಡು. ತರೀಕೆರೆ. ಕೆಳಗೆ ಸಣ್ಣಕ್ಷರದಲ್ಲಿ ಬೀರೂರು ಮಾರ್ಗ. ದಿನಾ ನಾನೇ ಪರೀಕ್ಷೆ ಬರೀತೀನಿ, ನಾನೇ ಪಾಸಾಯ್ತೀನಿ."

"ಬೋರ್ಡು ನೇರಕ್ಕಿದೆಯಲ್ಲಾ ಅಣ್ಣಾ?"

"ಲೇ ಪೇಪರಿನೋನೇ, ನಂಗೇ ಪಾಠ ಹೇಳ್ತೀಯಾ?"

ಶಾರದಮ್ಮ ಒಳಗಿನಿಂದಲೇ ಹೇಳಿದರು: "ನಿನ್ನೆ ಎಡಗಡೆ ಹಸು ನಿಂತಿದ್ದು ಕಾಣ್ಲಿಲ್ಲ ಇವ್ರಿಗೆ. ಸಂತೆಗೆ ಬಸ್ಸಲ್ಲಿ ಹೋಗ್ರೀ ಅಂದ್ರೆ ಕೇಳಲ್ಲ."

"ಹಸುಗೆ ನಾನು ಕಂಡ್ನಲ್ಲ, ಸಾಕು ಬಿಡು" ಎಂದು ರುದ್ರಪ್ಪನವರು ನಕ್ಕರು. ಶಾರದಮ್ಮ ನಗಲಿಲ್ಲ.

ಕಾಲು ಮುರಿದುಕೊಂಡು ಶಿವಮೊಗ್ಗದಲ್ಲಿ ಮಲಗಿದ್ದಾಗ ಕಣ್ಣಿನ ವೈದ್ಯರು ಬಂದು ನೋಡಿದರು. ಎರಡೂ ಕಣ್ಣಿನ ಅಂಚಿನ ನೋಟ ಹೋಗಿತ್ತು, ಎಡಗಡೆ ಇನ್ನೂ ಹೆಚ್ಚು. ನೇರಕ್ಕೆ ಮಾತ್ರ, ಒಂದು ಬಳೆಯೊಳಗಿನಿಂದ ನೋಡಿದಷ್ಟು ಉಳಿದಿತ್ತು. ಇದು ವಂಶದಲ್ಲಿ ಬರುವ ಕಾಯಿಲೆ, ಮಗನನ್ನೂ ಕರೆದುಕೊಂಡು ಬನ್ನಿ ಎಂದು ವೈದ್ಯರು ಹೇಳಿದರು.

ನಾನು ಅವರನ್ನು ಕೊನೆಯ ಬಾರಿ ನೋಡಿದ್ದು ದೀಪಾವಳಿಯ ಮುಂಚೆ, ಅವರ ಮನೆಯಲ್ಲಿ. ಊಟಕ್ಕೆ ಬಂದಿದ್ದ ಮಗನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.

"ತೋರ್ಸ್ಕಂಡು ಬಾರೋ ಮಂಜಾ. ಒಂದಿನ ಸಾಕು."

"ನಂಗೆಲ್ಲಾ ಕಾಣ್ತದೆ ಕಣಪ್ಪಾ. ಕಾಣ್ದೇನೇ ಬಸ್ ಓಡಿಸ್ತಿದ್ದೀನಾ?"

"ನಂಗೂ ಎಲ್ಲಾ ಕಾಣ್ತಿತ್ತು ಕಣೋ."

"ಕಣ್ಣು ಸರಿಯಿಲ್ಲ ಅಂತ ಬರ್ಕೊಟ್ರೆ ಸ್ಟೇರಿಂಗ್ ಯಾರು ಕೊಡ್ತಾರೆ ನಂಗೆ?" ಎಂದ ಮಂಜುನಾಥ, ತೋಳು ಬಿಡಿಸಿಕೊಂಡು ಕೈ ತೊಳೆಯಲು ಎದ್ದ.

ಸಂಕ್ರಾಂತಿ ಕಳೆದ ಮೇಲೆ ರುದ್ರಪ್ಪನವರು ಹೃದಯಾಘಾತದಿಂದ ತೀರಿಕೊಂಡರು. ಅಂಗಡಿಗೆ ಬೀಗ ಬಿದ್ದಿದೆ. ಶಾರದಮ್ಮ ಮಗನಿಗೆ ಮತ್ತೆ ಮತ್ತೆ ಹೇಳಿದ್ದಾರೆ. ಅವನು ಶಿವಮೊಗ್ಗಕ್ಕೆ ಹೋಗಿಲ್ಲ.

ನಿನ್ನೆ ಬೆಳಿಗ್ಗೆ ನಿಲ್ದಾಣದಿಂದ ಹೊರಡುವಾಗ ತರೀಕೆರೆ ಬಸ್ಸಿನ ಎಡಗಡೆಯ ಕನ್ನಡಿ ಕಂಬಕ್ಕೆ ತಾಗಿ ಒಡೆಯಿತು. ಮಂಜುನಾಥ ಇಳಿದು ನೋಡಿದ. ಗಾಜಿನ ಚೂರುಗಳನ್ನು ಕಾಲಿನಿಂದ ಬದಿಗೆ ಸರಿಸಿ, ಮತ್ತೆ ಹತ್ತಿ, ಜನ ತುಂಬಿದ್ದ ಬಸ್ಸನ್ನು ಬೀರೂರಿನ ಕಡೆ ತಿರುಗಿಸಿದ.