ಅಳಸಂದೆ ಬೇರಿನ ಫರೀದಾ ಮೇಡಂ

ಬೆಳಿಗ್ಗೆ ಗೋವೆಯ ನಮ್ಮ ಪ್ರಯೋಗಾಲಯದ ಬೀಗ ತೆಗೆದೊಡನೆ ಫರೀದಾ ಮೇಡಂ ತಮ್ಮ ಗಾಜಿನ ತಟ್ಟೆಗಳ ಮೇಲೆ ಬಗ್ಗಿ, "ಏಳ್ರಿ, ಹೊತ್ತೇರಿತು!" ಎನ್ನುತ್ತಿದ್ದರು. ತಟ್ಟೆಯಲ್ಲಿ ಮಲಗಿದ್ದವರು ಬ್ಯಾಕ್ಟೀರಿಯಗಳು. ಅಳಸಂದೆಯ ಬೇರಿನ ಗಂಟುಗಳಲ್ಲಿ ಮನೆ ಮಾಡಿಕೊಂಡು ಗಿಡಕ್ಕೆ ಸಾರಜನಕ ಉಣಿಸುವ ಮಣ್ಣಿನ ಜೀವಿಗಳು. ಅಲ್ಲಿ ತಂತ್ರಜ್ಞನಾಗಿದ್ದ ನನಗೆ ಮೊದಮೊದಲು ಈ ಹೆಂಗಸಿಗೆ ಒಂದು ಸುತ್ತು ಕಡಿಮೆ ಎನಿಸಿದ್ದು ಸುಳ್ಳಲ್ಲ.

ಮೇಡಂ ಬೆಳೆದದ್ದು ಮಡಗಾಂವಿನ ಮೋತಿ ಡೊಂಗರಿನಲ್ಲಿ, ಘಟ್ಟದಾಚೆಯಿಂದ ದುಡಿಯಲು ಬಂದ ಕನ್ನಡಿಗರ ಕೇರಿಯಲ್ಲಿ. ಅಪ್ಪ ಕುಡಚಡೆಯಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದವರು. ಅಲ್ಲಿನ ಗಣಿಮಣ್ಣಿನ ಗುಡ್ಡೆಯ ಮೇಲೂ ಅಳಸಂದೆ ಚಿಗುರಿದ್ದನ್ನು ಕಂಡ ದಿನದಿಂದ ಮೇಡಂಗೆ ಒಂದೇ ಹಟ: ಗಣಿಮಣ್ಣಿನ ಬ್ಯಾಕ್ಟೀರಿಯ ಗದ್ದೆಯದರಂತಲ್ಲ. ಗೋವೆಯವರೇ ಆದ ನಮ್ಮ ಮುಖ್ಯಸ್ಥರು ಒಪ್ಪಲಿಲ್ಲ. ಪ್ರಭೇದ ಒಂದೇ, ಹೆಸರೂ ಒಂದೇ. ವ್ಯತ್ಯಾಸ ತೋರಿಸಲಾಗದಿದ್ದರೆ ಮಳೆಗಾಲದೊಳಗೆ ಈ ಕೆಲಸ ನಿಲ್ಲಿಸಿ ಎಂದರು.

ಮೇಡಂ ಹೊರಗೆ ಬಂದು ನಕ್ಕರು. "ಇಲ್ಲಿ ಘಟ್ಟದಾಚೆಯವರನ್ನೆಲ್ಲಾ ಘಾಟಿ ಅಂತ ಒಂದ ಹೆಸರಿಂದ ಕರೀತಾರಲ್ರಿ? ಮೋತಿ ಡೊಂಗರದಾಗ ಒಳಗ ಹೋಗಿ ಉಂಡು ನೋಡ್ರಿ. ಸಿಂದಗಿಯವರ ರೊಟ್ಟಿ ಬ್ಯಾರೆ, ಹಾವೇರಿಯವರ ರೊಟ್ಟಿ ಬ್ಯಾರೆ. ಬಾಗಲಾಗ ನಿಂತವರಿಗೆ ಹ್ಯಾಂಗ ತಿಳೀಬೇಕು?"

ಆದರೆ ಗಣಿಮಣ್ಣಿನ ತಟ್ಟೆಗಳು ಬೋಳಾಗಿಯೇ ಇದ್ದವು. ಪ್ರತಿ ಶುಕ್ರವಾರ, ಏನೂ ಬೆಳೆಯದ ತಟ್ಟೆಗಳನ್ನೆಲ್ಲ ಬೇಯಿಸಿ ಬಿಸಾಡುವುದು ನಮ್ಮಲ್ಲಿನ ರೂಢಿ. ಮೇಡಂ ಬಾಗಿಲಿಗೆ ಅಡ್ಡ ನಿಂತರು.

"ಬ್ಯಾಡ್ರಿ! ಇನ್ನೂ ಬರೋರದಾರ."

ಮುಂದಿನ ವಾರ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆಗಳು ಎದ್ದವು. ಅಷ್ಟು ವರ್ಷ ನಾವೆಲ್ಲ ಕಾಯದೆ ಬೇಯಿಸಿ ಎಸೆದದ್ದು ಇವರನ್ನೇ!

ಅವುಗಳ ವಂಶವಾಹಿಗಳನ್ನು ಓದಿಸಿದ ಫಲಿತಾಂಶ ಬಂದ ದಿನ ಪರದೆಯ ಮೇಲೆ ವಂಶವೃಕ್ಷ ಮೂಡಿತು. ಬುಡ ಒಂದೇ. ಗದ್ದೆಯವೆಲ್ಲ ಒಂದು ಕೊಂಬೆಯಲ್ಲಿ. ಗಣಿಯವು, ಒಂದೂ ತಪ್ಪದೆ, ಇನ್ನೊಂದು ಕೊಂಬೆಯಲ್ಲಿ. ಮುಖ್ಯಸ್ಥರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೇಡಂ ನನ್ನ ಹೆಗಲು ಹಿಡಿದು ಅಲುಗಾಡಿಸಿದರು. "ನಮ್ಮ ಅಬ್ಬಾ ಲಾರ್ಯಾಗ ಹೇರಿದ ಮಣ್ಣಿನ ಮಂದಿಗೂ ಒಂದು ಮನಿ ಸಿಕ್ತು ನೋಡ್ರಿ! ಖರೇನ ಸಿಕ್ತು!" ನನಗೆ ಕಣ್ಣು ತುಂಬಿ ಬಂತು. ನಾನೇ ಗೆದ್ದಷ್ಟು ಹಿಗ್ಗು.

ಈಗ ಮೇಡಂ ಧಾರವಾಡದಲ್ಲಿದ್ದಾರೆ, ತಮ್ಮದೇ ಪ್ರಯೋಗಾಲಯದಲ್ಲಿ. ಇಲ್ಲಿ ಬೆಳಿಗ್ಗೆ ತಟ್ಟೆಗಳನ್ನು ಎಬ್ಬಿಸುವವರಿಲ್ಲ. ಮೊನ್ನೆ ಶುಕ್ರವಾರ ಕೊರ್ಲಿಮ್ ಕಡೆಯ ಮಣ್ಣಿನ ತಟ್ಟೆಗಳು ಎಷ್ಟು ಕಾದರೂ ಬೋಳಾಗಿಯೇ ಇದ್ದುದನ್ನು ನೋಡಿ, ಇವು ಇನ್ನು ಏಳುವುದಿಲ್ಲವೆಂದು ಬುಟ್ಟಿಗೆ ತುಂಬುತ್ತಿದ್ದೆ. ಮುಖ್ಯಸ್ಥರು ಕೋಣೆಯಿಂದ ಓಡಿ ಬಂದರು. "ರಾವ್, ರಾವ್!" ಎಂದರು, ಕೊಂಕಣಿಯಲ್ಲಿ ‘ನಿಲ್ಲು, ನಿಲ್ಲು’ ಎಂದು. ನನ್ನನ್ನು ತಡೆದು ನಿಲ್ಲಿಸಿ, ಆಮೇಲೆ ತಮಗೆ ಬರುವ ಒಂದೇ ಒಂದು ಕನ್ನಡ ಮಾತನ್ನು ಹೇಳಿದರು:

"ಇನ್ನೂ ಬರೋರದಾರ."