ವಾಲ್ಟಿಯ ಬೆನ್ನು ಹತ್ತಿದ ಎಣಿಕೆ

ಆರೆ ನದಿಯ ದಂಡೆಯ ಪ್ರಯೋಗಾಲಯದಲ್ಲಿ ವಾಲ್ಟಿ ಹಿರ್ಟ್ ಮೂವತ್ತೊಂದು ವರ್ಷದಿಂದ ಕೊಳವೆ ಜೋಡಿಸುತ್ತಿದ್ದ. ಪಕ್ಕದ ಕಟ್ಟಡದ ಕಣ-ವೇಗವರ್ಧಕ ಯಂತ್ರದಲ್ಲಿ ಹುಟ್ಟಿದ ವಿಕಿರಣಶೀಲ ಸಾರಜನಕವನ್ನು ಕೊಳವೆಯಲ್ಲಿ ಎಳೆತಂದು, ಮಸಿಯ ಕಣಗಳ ಮೇಲೆ ಹಾಯಿಸಿ, ಹೊಗೆ ತುಂಬಿದ ಗಾಳಿಯಲ್ಲಿ ಏನಾಗುತ್ತದೆಂದು ತಿಳಿಯುವುದು ಅಲ್ಲಿಯ ಕಸುಬು. ಆ ಸಾರಜನಕ ಹತ್ತು ನಿಮಿಷಕ್ಕೊಮ್ಮೆ ಅರ್ಧರ್ಧ ಸಾಯುತ್ತದೆ. ಹಾಗಾಗಿ ಯಂತ್ರ ನಿಲ್ಲಿಸಿದ ಮೇಲೆ ಒಂದು ಗಂಟೆ ಯಾರೂ ಏನನ್ನೂ ಮುಟ್ಟುವಂತಿಲ್ಲ. ವಾಲ್ಟಿ ಆಗ ಬ್ರೆಡ್ಡು, ಚೀಸು ಬಿಚ್ಚಿಕೊಂಡು, "ಸಾವಿನ ಮನೆ ಕಣ್ರೋ, ಗಲಾಟೆ ಮಾಡ್ಬೇಡಿ" ಎಂದು ಎಲ್ಲರನ್ನೂ ಗದರುತ್ತಿದ್ದ.

ಆ ಮಂಗಳವಾರ ಗಂಟೆ ಕಳೆದರೂ ವಿಕಿರಣ ಅಳೆಯುವ ಯಂತ್ರಗಳಲ್ಲಿ ಎಣಿಕೆ ಸಾಯಲಿಲ್ಲ.

ಸಂಶೋಧನೆಯ ಹುಡುಗಿ ಕೊರೀನ್ ಅಂಕಿಗಳ ಮೇಲೆ ಬಗ್ಗಿದಳು. ಮೂರು ವರ್ಷದ ಕೆಲಸದ ಕೊನೆಯ ಅಳತೆ. ನಾಳೆಯಿಂದ ವೇಗವರ್ಧಕ ನಾಲ್ಕು ತಿಂಗಳು ಬಂದ್. ಕೊಳವೆಯಲ್ಲೇನಾದರೂ ಅಂಟಿಕೊಂಡಿದ್ದರೆ ಹಳೆಯ ಅಳತೆಗಳೂ ನೀರುಪಾಲು.

"ಕೊಳವೆ ತೊಳೆದಿದ್ರಾ, ವಾಲ್ಟಿ?"

"ನಿನ್ನೇನೇ ತೊಳ್ದೆ ಮಾರಾಯ್ತಿ. ನನ್ನ ಕೈ ಮೇಲೇ ಅನುಮಾನಾನಾ?"

ಅವನು ನೀರು ಹಿಡಿಯಲು ಹೊರಗೆ ಹೋದ. ಎಣಿಕೆ ಕುಸಿಯಿತು. ಮರಳಿ ಬಂದ. ಏರಿತು. ಅವನು ಎಡಕ್ಕೆ ಸರಿದರೆ ಎಡಗಡೆಯ ಯಂತ್ರ, ಬಲಕ್ಕೆ ಬಂದರೆ ಬಲಗಡೆಯದು. ಯಾವ ಕೊಳವೆಯೂ ಸೇರದೆ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಯಂತ್ರವೂ ಅವನು ಹಾದುಹೋದಾಗ ಟಿಕಟಿಕ ಎಂದಿತು. ಮೂರು ವರ್ಷ ಜೊತೆಗೆ ಉಂಡ ಮನುಷ್ಯನನ್ನು ಕಂಡು ಕೊರೀನ್‌ಳಿಗೆ ಹೆದರಿಕೆಯಾಯಿತು.

"ಅಲ್ಲೇ ಕೂತ್ಕೊಳ್ಳಿ. ಅಲ್ಲಾಡ್ಬೇಡಿ."

ವಾಲ್ಟಿ ಕುಳಿತ. ಅವಳು ನಿಮಿಷಕ್ಕೊಂದು ಚುಕ್ಕೆ ಇಟ್ಟು ಗೆರೆ ಎಳೆದಳು. ಗೆರೆ ಇಳಿಯುತ್ತಿತ್ತು, ಆದರೆ ಬಲು ನಿಧಾನ. ಅರ್ಧವಾಗಲು ಹತ್ತಿರ ಹತ್ತಿರ ಎರಡು ಗಂಟೆ ಬೇಕು. ಅಷ್ಟು ಹೊತ್ತು ಬದುಕುವುದು ಯಾವುದೆಂದು ಆ ಕಟ್ಟಡದಲ್ಲಿ ಎಲ್ಲರಿಗೂ ಗೊತ್ತು. ಮೈಯಲ್ಲಿ ಕ್ಯಾನ್ಸರ್ ಎಲ್ಲಿ ಕೂತಿದೆಯೆಂದು ಹುಡುಕಲು ಆಸ್ಪತ್ರೆಯವರು ರಕ್ತಕ್ಕೆ ಚುಚ್ಚುವ ವಿಕಿರಣಶೀಲ ಮದ್ದು ಅದು.

"ಬೆಳಿಗ್ಗೆ ಚುಚ್ಚಿದ್ರು," ಎಂದ ವಾಲ್ಟಿ, ಬೂಟು ನೋಡುತ್ತ. "ಇಷ್ಟೊತ್ತಿಗೆ ಹೋಗಿರುತ್ತೆ ಅಂದ್ಕೊಂಡೆ. ನಮ್ದು ಒಂದು ಗಂಟೇಲಿ ಹೋಗ್ಬಿಡತ್ತಲ್ಲ, ಅದೇ ಅಭ್ಯಾಸ."

"ಏನಂದ್ರು?"

"ಗುರುವಾರ ಹೇಳ್ತಾರಂತೆ. ಯಾರಿಗೂ ಹೇಳ್ಬೇಡ. ಈಗ ನೀನು ಅಳತೆ ಮುಗಿಸು, ನಾನು ಹೊಳೆ ಹತ್ರ ಇರ್ತೀನಿ."

ಬಾಗಿಲು ಮುಚ್ಚಿತು. ಯಂತ್ರಗಳು ಒಂದೊಂದಾಗಿ ಸುಮ್ಮನಾದವು. ಅಳತೆ ಹಾಳಾಗದೆ ಉಳಿಯಿತು, ಆದರೆ ಬರೆದುಕೊಳ್ಳಲು ಕೊರೀನ್‌ಳಿಗೆ ಕೈಯೇ ಬರಲಿಲ್ಲ.